ಪೀಪಾಯಿಯ ಬಲವೂ ಒಂದು ಹನಿ ನೀರೂ

ಅಮೆರಿಕದ ಸಣ್ಣ ಭಟ್ಟಿಖಾನೆಗಳಿಂದ ಹೊರಬರುವ ಕೆಲವು ವಿಸ್ಕಿ ಬಾಟಲಿಗಳ ಮೇಲೆ ‘ಕ್ಯಾಸ್ಕ್ ಸ್ಟ್ರೆಂತ್’ ಎಂಬ ಮಾತು ಅಚ್ಚಾಗಿರುತ್ತದೆ. ‘ಪೀಪಾಯಿಯ ಬಲ’ ಎಂದು ಇದನ್ನು ಕನ್ನಡಿಸಬಹುದು. ಸಾಧಾರಣ ವಿಸ್ಕಿಯನ್ನು ಬಾಟಲಿಗೆ ತುಂಬುವ ಮುನ್ನ ಅದಕ್ಕೆ ನೀರು ಬೆರೆಸಿ, ಆಲ್ಕೊಹಾಲಿನ ಅಂಶವನ್ನು ಗಾತ್ರದಲ್ಲಿ ಶೇಕಡ 40ರಿಂದ 46ರಷ್ಟಕ್ಕೆ ಇಳಿಸುವುದು ವಾಡಿಕೆ. ಹಾಗೆ ಇಳಿಸದೆ, ಪೀಪಾಯಿಯಲ್ಲಿ ಎಷ್ಟು ಬಲವಿತ್ತೋ ಅಷ್ಟರಲ್ಲಿಯೇ ಬಾಟಲಿಗೆ ಇಳಿದುದೇ ‘ಪೀಪಾಯಿಯ ಬಲ’ದ ವಿಸ್ಕಿ. ಅದರಲ್ಲಿ ಆಲ್ಕೊಹಾಲು ಸಾಮಾನ್ಯವಾಗಿ ಶೇಕಡ 55ರಿಂದ 65ರವರೆಗೆ ಇರುತ್ತದೆ.

ಇಂತಹ ವಿಸ್ಕಿಯ ರುಚಿಯನ್ನು ಪರೀಕ್ಷಿಸುವವರು ಒಂದು ವಿಚಿತ್ರವಾದ ಮಾತನ್ನು ಹೇಳುತ್ತಾರೆ. ಅದನ್ನು ಮೊದಲು ಹಾಗೆಯೇ ಮೂಸಿ ನೋಡಬೇಕಂತೆ. ಬಳಿಕ ಕೆಲವು ಹನಿ ನೀರು ಹಾಕಿದರೆ ಪರಿಮಳ ‘ತೆರೆದುಕೊಳ್ಳು’ತ್ತದಂತೆ. ನೀರಿಗೆ ಸ್ವಂತ ವಾಸನೆಯಿಲ್ಲ. ನೀರು ಬೆರೆತಷ್ಟೂ ಸಾರು ಸಪ್ಪೆಯಾಗುವುದನ್ನು ನಾವು ದಿನವೂ ಕಾಣುತ್ತೇವೆ. ಹೀಗಿರುವಾಗ ನೀರು ಬೆರೆಸಿದುದರಿಂದ ಪರಿಮಳ ಹೆಚ್ಚುವುದೆಂದರೇನು? ಇದು ರಸಿಕರ ಭ್ರಮೆಯೋ ಅಥವಾ ಇದರ ಹಿಂದೆ ನಿಸರ್ಗದ ನಿಯಮವೇನಾದರೂ ಅಡಗಿದೆಯೋ? ಈ ಪ್ರಶ್ನೆಯನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಚಾರಕ್ಕೆ ಲೋಟವನ್ನು ತುಟಿಗೆ ತಾಗಿಸಬೇಕಾದ ಅಗತ್ಯವಿಲ್ಲ. ಸಾಂದ್ರತೆ, ಬಾಷ್ಪೀಭವನ, ಮೇಲ್ಮೈ ಎಳೆತ ಇವುಗಳ ಪರಿಚಯವಿದ್ದರೆ ಸಾಕು.

ಮೊಳಕೆಯಿಂದ ಪೀಪಾಯಿಗೆ

‘ಸಿಂಗಲ್ ಮಾಲ್ಟ್’ ಎಂಬ ಹೆಸರಿನ ಅರ್ಥವನ್ನು ಮೊದಲು ತಿಳಿಯೋಣ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್ ಆಗುತ್ತದೆ. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಮಕ್ಕಳಿಗಾಗಿ ಹಿಟ್ಟು ಮಾಡುವುದೂ ಇದೇ ಕ್ರಮದಿಂದಲೇ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾರ್ಪಡಿಸುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಆಲ್ಕೊಹಾಲನ್ನಾಗಿ ಪರಿವರ್ತಿಸುತ್ತದೆ. ಹೀಗೆ ದೊರೆತ ದುರ್ಬಲವಾದ ದ್ರವವನ್ನು ಭಟ್ಟಿ ಇಳಿಸಿದಾಗ ಪ್ರಬಲವಾದ, ಬಣ್ಣವಿಲ್ಲದ ಮದ್ಯಸಾರ ಲಭಿಸುತ್ತದೆ. ಆಲ್ಕೊಹಾಲು 78.4 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದರಿಂದ ಮೇಲೇಳುವ ಆವಿಯಲ್ಲಿ ಅದರ ಪಾಲು ಹೆಚ್ಚಾಗಿರುತ್ತದೆ. ಭಟ್ಟಿ ಇಳಿಸುವುದರ ರಹಸ್ಯವೆಲ್ಲ ಇಷ್ಟೆ.

ಸ್ಕಾಟ್ಲೆಂಡಿನಲ್ಲಿ ಶತಮಾನಗಳಿಂದ ಬೆಳೆದು ಬಂದ ಈ ಕಲೆ ಅಮೆರಿಕದಲ್ಲಿ ಬಹುಕಾಲ ಹಿಂದೆಯೇ ಉಳಿದಿತ್ತು. ಅಲ್ಲಿ ಮೆಕ್ಕೆಜೋಳದ ಬೂರ್ಬನ್ನಿನದೇ ಮೇಲುಗೈ. ಇತ್ತೀಚಿನ ದಶಕಗಳಲ್ಲಿ ಸಣ್ಣ ಭಟ್ಟಿಖಾನೆಗಳವರು ಬಾರ್ಲಿಯ ಕಡೆಗೆ ತಿರುಗಿದರು. ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ 2004ರಲ್ಲಿ ಸ್ಟ್ರಾನಹನ್ಸ್, ಟೆಕ್ಸಸ್ ರಾಜ್ಯದ ವೇಕೊ ಪಟ್ಟಣದಲ್ಲಿ 2008ರಲ್ಲಿ ಬಾಲ್ಕೋನಿಸ್, ಸಿಯಾಟಲಿನಲ್ಲಿ 2010ರಲ್ಲಿ ವೆಸ್ಟ್‌ಲೆಂಡ್ ಎಂಬ ಭಟ್ಟಿಖಾನೆಗಳು ಸ್ಥಾಪಿತವಾದವು. ಕೊನೆಗೆ ಅಮೆರಿಕದ ಸರ್ಕಾರ ‘ಅಮೆರಿಕನ್ ಸಿಂಗಲ್ ಮಾಲ್ಟ್’ ಎಂಬ ಹೆಸರಿಗೆ ಲಕ್ಷಣವನ್ನು ನಿರ್ಧರಿಸಿತು. ಆ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಂತೆ ಧಾನ್ಯವೆಲ್ಲ ಮೊಳಕೆ ಬರಿಸಿದ ಬಾರ್ಲಿಯೇ ಆಗಿರಬೇಕು. ಒಂದೇ ಭಟ್ಟಿಖಾನೆಯಲ್ಲಿ ಭಟ್ಟಿ ಇಳಿಸಿರಬೇಕು. ಇಳಿಸುವಾಗ ಬಲ ಶೇಕಡ 80ನ್ನು ಮೀರಕೂಡದು. 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಬೇಕು. ಬಾಟಲಿಯಲ್ಲಿ ಬಲ ಶೇಕಡ 40ಕ್ಕೆ ಕಡಮೆಯಾಗಕೂಡದು. ಶೇಕಡ 80ರ ಮಿತಿಗೆ ಕಾರಣವುಂಟು. ಭಟ್ಟಿ ಇಳಿಸಿ ಬಲವನ್ನು ಏರಿಸುತ್ತ ಹೋದಂತೆ ಧಾನ್ಯದಿಂದ ಬಂದ ಸುಗಂಧ ವಸ್ತುಗಳು ಹಿಂದುಳಿದು, ಗುಣವಿಲ್ಲದ ಬರಿಯ ಮದ್ಯಸಾರವೇ ಉಳಿಯುತ್ತದೆ.

ಮರದೊಳಗಿನ ಉಸಿರಾಟ

ಪೀಪಾಯಿ ಬರಿಯ ಪಾತ್ರೆಯಲ್ಲ, ಅದೊಂದು ಯಂತ್ರವೆಂದೇ ಹೇಳಬಹುದು. ಅಮೆರಿಕದ ಬಿಳಿ ಓಕ್ ಮರದ ನಾಳಗಳಲ್ಲಿ ಉಬ್ಬಿದ ಸಣ್ಣ ಪೊರೆಗಳು ತುಂಬಿಕೊಂಡಿರುವುದರಿಂದ ಅದರ ಹಲಗೆಯಿಂದ ದ್ರವ ಸೋರಿಹೋಗುವುದಿಲ್ಲ. ಆದರೆ ಆವಿ ಮೆಲ್ಲಮೆಲ್ಲನೆ ತೂರಿಹೋಗಬಲ್ಲದು. ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಡುತ್ತಾರೆ. ಆಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಐಸ್‌ಕ್ರೀಮಿನ ಪರಿಚಿತ ಪರಿಮಳ ಇದರದೇ. ಹೊಗೆಯ ಕಂಪನ್ನು ಕೊಡುವ ಗ್ವಾಯಕಾಲ್ ಎಂಬ ವಸ್ತುವೂ ಲಿಗ್ನಿನ್ ಸುಡುವುದರಿಂದಲೇ ಬರುತ್ತದೆ. ಕೊಬ್ಬರಿಯನ್ನು ಹೋಲುವ ವಾಸನೆ ಓಕ್ ಮರದ ಲ್ಯಾಕ್ಟೋನುಗಳದು.

ಹಗಲಿನ ಹಾಗೂ ಬೇಸಗೆಯ ಕಾವಿಗೆ ದ್ರವ ಹಿಗ್ಗುತ್ತದೆ. ಶೇಕಡ 60ರ ಬಲದ 200 ಲೀಟರು ದ್ರವದ ಉಷ್ಣತೆ 20ರಿಂದ 30 ಡಿಗ್ರಿಗೆ ಏರಿದರೆ ಅದರ ಗಾತ್ರ ಸುಮಾರು 1.8 ಲೀಟರಿನಷ್ಟು ಹೆಚ್ಚುತ್ತದೆ. ಹಿಗ್ಗಿದ ದ್ರವ ಮರದ ರಂಧ್ರಗಳನ್ನು ಹೊಗುತ್ತದೆ. ತಂಪಾದಾಗ ಮರದ ಸಾರವನ್ನು ಹೊತ್ತು ಹಿಂದಿರುಗುತ್ತದೆ. ಹೀಗೆ ವರ್ಷ ವರ್ಷವೂ ಮರ ಉಸಿರಾಡುತ್ತಿರುವಂತೆ ತೋರುತ್ತದೆ.

ಇದರ ಜೊತೆಗೆ ನಷ್ಟವೂ ಇದೆ. ಆವಿಯಾಗಿ ಹೋಗುವ ಪಾಲನ್ನು ಭಟ್ಟಿಖಾನೆಯವರು ‘ದೇವತೆಗಳ ಪಾಲು’ ಎಂದು ಕರೆಯುತ್ತಾರೆ. ಸ್ಕಾಟ್ಲೆಂಡಿನ ತಂಪು ಹವೆಯಲ್ಲಿ ಅದು ವರ್ಷಕ್ಕೆ ಸುಮಾರು ಶೇಕಡ 2. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಖಾನೆ 2004ರಲ್ಲಿ ಗ್ಲಾಸ್ಗೊ ನಗರದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟಿತಷ್ಟೆ. ಅಲ್ಲಿನ ಪೀಪಾಯಿಗಳಲ್ಲಿ ನಷ್ಟ ವರ್ಷಕ್ಕೆ ಶೇಕಡ 10ರ ಆಸುಪಾಸಿನಲ್ಲಿರುತ್ತದೆ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಶೇಕಡ 2ರಂತೆ 12 ವರ್ಷ ಕಳೆದ ಮೇಲೆ 200 ಲೀಟರಿನಲ್ಲಿ ಸುಮಾರು 157 ಲೀಟರು ಉಳಿಯುತ್ತದೆ, ಶೇಕಡ 10ರಂತೆ ನಾಲ್ಕೇ ವರ್ಷಗಳಲ್ಲಿ ಅದು 131 ಲೀಟರಿಗೆ ಇಳಿಯುತ್ತದೆ. ವಯಸ್ಸೊಂದನ್ನೇ ನೋಡಿ ವಿಸ್ಕಿಯ ಪಕ್ವತೆಯನ್ನು ಹೇಳುವುದು ಏಕೆ ಸಲ್ಲದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆವಿಯಾಗುವುದು ನೀರೂ ಹೌದು, ಆಲ್ಕೊಹಾಲೂ ಹೌದು. ಯಾವುದು ಹೆಚ್ಚು ಹೋಗುತ್ತದೆಂಬುದನ್ನು ನಿರ್ಧರಿಸುವುದು ಹೊರಗಿನ ಗಾಳಿಯ ಆರ್ದ್ರತೆ. ನೀರಿನ ಅಣು ಚಿಕ್ಕದು. ಮರದ ಮೂಲಕ ಸುಲಭವಾಗಿ ನುಸುಳುತ್ತದೆ. ಗಾಳಿ ಒಣಗಿದ್ದರೆ ನೀರು ಬೇಗ ಹೊರಟು, ಉಳಿದ ದ್ರವದ ಬಲ ಏರುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಹೊರಡಲು ಎಡೆಯಿಲ್ಲ. ಆದರೆ ಗಾಳಿಯಲ್ಲಿ ಆಲ್ಕೊಹಾಲಿನ ಆವಿಯಿಲ್ಲವಾದ್ದರಿಂದ ಅದಕ್ಕೆ ತಡೆಯಿಲ್ಲ. ಆದುದರಿಂದ ಸ್ಕಾಟ್ಲೆಂಡಿನ ತೇವದ ಉಗ್ರಾಣಗಳಲ್ಲಿ ಬಲ ವರ್ಷ ವರ್ಷಕ್ಕೂ ಇಳಿಯುತ್ತದೆ. ಅಮೆರಿಕದ ಕೆಂಟಕಿಯ ಕಾದ ಉಗ್ರಾಣಗಳ ಮೇಲಂತಸ್ತುಗಳಲ್ಲಿ ಏರುತ್ತದೆ. ಒಂದು ಮೈಲಿ ಎತ್ತರದ ಡೆನ್ವರಿನ ಒಣ ಹವೆಗೂ ಕಡಲಿಗೆ ಸಮೀಪದ ಸಿಯಾಟಲಿನ ತಂಪು ಹವೆಗೂ ಇರುವ ಅಂತರವನ್ನು ನೆನೆದರೆ, ಬಾಟಲಿಯ ಮೇಲಿನ ಬಲದ ಅಂಕೆ ಒಂದು ಊರಿನ ಹವಾಮಾನದ ದಾಖಲೆಯೂ ಹೌದೆಂದು ತಿಳಿಯುತ್ತದೆ.

ಬಲವನ್ನು ಅಳೆಯುವ ಬಗೆ

ಮದ್ಯದ ಬಲಕ್ಕೆ ತಕ್ಕಂತೆ ತೆರಿಗೆ ಬೀಳುವುದರಿಂದ ಬಲವನ್ನು ಅಳೆಯುವುದು ಸರ್ಕಾರಗಳಿಗೆ ಬಹಳ ಹಿಂದಿನಿಂದಲೂ ಅಗತ್ಯವಾಗಿತ್ತು. ಹಿಂದೆ ಇಂಗ್ಲೆಂಡಿನಲ್ಲಿ ಮದ್ಯವನ್ನು ಕೋವಿಮದ್ದಿನ ಮೇಲೆ ಸುರಿದು ಬೆಂಕಿ ಹಚ್ಚುತ್ತಿದ್ದರೆಂದು ಹೇಳಿಕೆಯಿದೆ. ನೀರು ಹೆಚ್ಚಾಗಿದ್ದರೆ ಮದ್ದು ತೇವವಾಗಿ ಹೊತ್ತಿಕೊಳ್ಳದು. ಹೊತ್ತಿಕೊಂಡರೆ ಬಲವು ‘ಪ್ರೂಫ್’ ಆದಂತೆ, ಎಂದರೆ ರುಜುವಾತಾದಂತೆ. ಮುಂದೆ ಈ ಒರಟು ಪರೀಕ್ಷೆಯ ಸ್ಥಾನವನ್ನು ಹೈಡ್ರಾಮೀಟರ್ ಆಕ್ರಮಿಸಿತು. 1952ರ ಬ್ರಿಟಿಷ್ ಕಾಯಿದೆಯ ಪ್ರಕಾರ, 51 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಸಮಗಾತ್ರದ ನೀರಿನ ತೂಕದ 13ರಲ್ಲಿ 12 ಪಾಲು ತೂಗುವುದೇ ‘ಪ್ರೂಫ್’ ಮದ್ಯ. ಇದು ಶೇಕಡ 57ಕ್ಕಿಂತ ತುಸು ಹೆಚ್ಚಿನ ಬಲ. ಅಮೆರಿಕದವರ ಲೆಕ್ಕ ಇದಕ್ಕಿಂತ ಸುಲಭ: ಶೇಕಡ ಎಷ್ಟೋ ಅದರ ಇಮ್ಮಡಿಯೇ ‘ಪ್ರೂಫ್’. ಶೇಕಡ 60 ಎಂದರೆ 120 ಪ್ರೂಫ್.

ಹಾಲಿಗೆ ನೀರು ಬೆರೆಸಿರುವುದನ್ನು ಲ್ಯಾಕ್ಟೋಮೀಟರ್ ಹೇಗೆ ತೋರಿಸುತ್ತದೆಯೋ ಹೈಡ್ರಾಮೀಟರೂ ಹಾಗೆಯೇ ಕೆಲಸ ಮಾಡುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಶುದ್ಧ ಆಲ್ಕೊಹಾಲಿನ ಸಾಂದ್ರತೆ 0.789, ಶೇಕಡ 60ರ ಮಿಶ್ರಣದ್ದು 0.909, ಶೇಕಡ 40ರದು 0.948. ದ್ರವ ಹಗುರವಾದಷ್ಟೂ ಮಾಪಕ ಆಳಕ್ಕೆ ಮುಳುಗುತ್ತದೆ. ಆದರೆ ಉಷ್ಣತೆಯನ್ನು ಮರೆಯುವಂತಿಲ್ಲ. ಶೇಕಡ 60ರ ದ್ರವ 10 ಡಿಗ್ರಿಯಷ್ಟು ಬೆಚ್ಚಗಾದರೆ ಅದು ಹಿಗ್ಗಿ ಹಗುರವಾಗುವುದರಿಂದ, ಮಾಪಕ ಸುಮಾರು ಶೇಕಡ 64ರ ಬಲವನ್ನು ತೋರಿಸಿಬಿಡುತ್ತದೆ! ಥರ್ಮಾಮೀಟರ್ ಇಲ್ಲದ ಹೈಡ್ರಾಮೀಟರನ್ನು ನಂಬಬಾರದು.

ಮಿಶ್ರಣದ ವಿಷಯದಲ್ಲಿ ಮತ್ತೊಂದು ಸೋಜಿಗವಿದೆ. 50 ಮಿಲಿಲೀಟರು ಆಲ್ಕೊಹಾಲಿಗೆ 50 ಮಿಲಿಲೀಟರು ನೀರು ಸೇರಿಸಿದರೆ 100 ಮಿಲಿಲೀಟರು ಆಗುವುದಿಲ್ಲ, 96.5ರಷ್ಟೇ ಆಗುತ್ತದೆ. ಎರಡು ಜಾತಿಯ ಅಣುಗಳೂ ಒಂದನ್ನೊಂದು ಸೆಳೆದು, ಒತ್ತಾಗಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಮಿಶ್ರಣ ಬೆಚ್ಚಗಾಗುವುದನ್ನೂ ಕಾಣಬಹುದು. ಧಾತುಗಳ ಆವರ್ತ ಕೋಷ್ಟಕವನ್ನು ರಚಿಸಿದ ಮೆಂಡೆಲೀವ್ 1865ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಆಲ್ಕೊಹಾಲು ಹಾಗೂ ನೀರಿನ ಸಂಯೋಗವೇ ಆಗಿತ್ತು. ಲೋಟದಲ್ಲಿ ನೀರೂ ಆಲ್ಕೊಹಾಲೂ ಪರಸ್ಪರ ಉದಾಸೀನವಾಗಿರುವುದಿಲ್ಲ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಲೋಟದ ಗೋಡೆಯ ಮೇಲಿನ ಕಣ್ಣೀರು

ವಿಸ್ಕಿಯ ಲೋಟವನ್ನು ಒಮ್ಮೆ ತಿರುಗಿಸಿ ನಿಲ್ಲಿಸಿದರೆ ಗಾಜಿನ ಮೇಲೆ ಹನಿಗಳು ಮೂಡಿ, ಕಣ್ಣೀರಿನಂತೆ ಕೆಳಗಿಳಿಯುತ್ತವೆ. ಇದನ್ನು ಗುಣದ ಗುರುತೆಂದು ಹೊಗಳುವವರುಂಟು. ಕೆಲ್ವಿನ್ ಪ್ರಭುವಿನ ಅಣ್ಣನಾದ ಜೇಮ್ಸ್ ಥಾಮ್ಸನ್ ಎಂಬ ವಿಜ್ಞಾನಿ 1855ರಲ್ಲಿಯೇ ಇದರ ಕಾರಣವನ್ನು ವಿವರಿಸಿದನು. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಆಲ್ಕೊಹಾಲಿನದು ಬರಿಯ 22. ಗಾಜಿಗೆ ಅಂಟಿದ ತೆಳು ಪೊರೆಯಿಂದ ಆಲ್ಕೊಹಾಲು ಬೇಗ ಆವಿಯಾಗುತ್ತದೆ. ಅಲ್ಲಿ ನೀರಿನ ಪಾಲು ಹೆಚ್ಚಿ ಎಳೆತವೂ ಹೆಚ್ಚುತ್ತದೆ. ಎಳೆತ ಹೆಚ್ಚಾದ ಕಡೆ ಕಡಮೆಯ ಕಡೆಯಿಂದ ದ್ರವವನ್ನು ಮೇಲಕ್ಕೆ ಸೆಳೆಯುತ್ತದೆ. ಮೇಲೆ ಕೂಡಿದ ದ್ರವ ಭಾರವಾಗಿ ಕೆಳಗೆ ಜಾರುತ್ತದೆ. ಇಟಲಿಯ ಮಾರಂಗೋನಿ ಈ ವಿಷಯವನ್ನು 1865ರಲ್ಲಿ ಮುಂದುವರಿಸಿದುದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿತು. ಆದುದರಿಂದ ಈ ಕಣ್ಣೀರು ಮುಖ್ಯವಾಗಿ ಆಲ್ಕೊಹಾಲಿನ ಸಾಕ್ಷಿಯೇ ಹೊರತು ಉತ್ತಮ ರುಚಿಯ ಸಾಕ್ಷಿಯಲ್ಲ.

ಉರಿಯೆಂಬುದು ರುಚಿಯಲ್ಲ

ಇನ್ನು ಮೂಗು ನಾಲಗೆಗಳ ಕಡೆಗೆ ಬರೋಣ. ನಾಲಗೆ ಗುರುತಿಸುವ ಮೂಲರುಚಿಗಳು ಸಿಹಿ, ಹುಳಿ, ಉಪ್ಪು, ಕಹಿ ಹಾಗೂ ಉಮಾಮಿ ಎಂಬ ಮಾಂಸರಸದ ಬಗೆಯ ರುಚಿ, ಇಷ್ಟೇ. ವೆನಿಲ್ಲಾ, ಕೊಬ್ಬರಿ, ಹೊಗೆ ಎಂದು ನಾವು ಹೇಳುವುದೆಲ್ಲ ಮೂಗಿನ ಕೆಲಸ. ಪರಿಮಳದ ಅಣುಗಳು ಮೂಗಿನ ಹೊಳ್ಳೆಗಳಿಂದಲೂ ಹೋಗಬಹುದು, ಗಂಟಲಿನ ಹಿಂಬದಿಯಿಂದಲೂ ಏರಬಹುದು. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಈ ಕಾರಣದಿಂದಲೇ.

ಪ್ರಬಲವಾದ ಮದ್ಯ ಬಾಯನ್ನು ಸುಡುವುದು ಮಾತ್ರ ಮೂಗಿನದೂ ಅಲ್ಲ, ರುಚಿಯದೂ ಅಲ್ಲ. ಅದು ನೋವಿನ ನರಗಳ ಕೂಗು. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಅರಿಯುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಖಾರವೂ ಇದನ್ನೇ ಕೆರಳಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಸಾಮಾನ್ಯವಾಗಿ ಈ ಗ್ರಾಹಕ 42 ಡಿಗ್ರಿಯ ಬಿಸಿಗೆ ಎಚ್ಚರಗೊಳ್ಳುತ್ತದೆ. ಆಲ್ಕೊಹಾಲು ತಾಗಿದಾಗ ಆ ಮಿತಿ 34 ಡಿಗ್ರಿಯವರೆಗೆ ಇಳಿಯುತ್ತದೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿದೆ. ನಮ್ಮ ಮೈಯ ಉಷ್ಣತೆಯೇ 37 ಡಿಗ್ರಿ ಸರಿಯಷ್ಟೆ! ಎಂದರೆ ನಮ್ಮದೇ ಮೈಯ ಸಹಜವಾದ ಬಿಸುಪು ನಮಗೆ ಬೆಂಕಿಯಂತೆ ತೋರುತ್ತದೆ. ಶೇಕಡ 60ರ ಬಲದಲ್ಲಿ ಈ ಉರಿ ಮುಂದೆ ನಿಂತು, ಪರಿಮಳದ ಸೂಕ್ಷ್ಮಗಳನ್ನು ಮರೆಮಾಡುತ್ತದೆ. ನೀರು ಹಾಕಿದಾಗ ಪರಿಮಳ ‘ತೆರೆದುಕೊಳ್ಳು’ವುದಕ್ಕೆ ಒಂದು ಕಾರಣ ಇದೇ: ಗದ್ದಲ ಕಡಮೆಯಾದಾಗ ಮೆಲುದನಿ ಕೇಳಿಸುತ್ತದೆ.

ಹನಿ ನೀರಿನ ರಹಸ್ಯ

ಆದರೆ ಇದಕ್ಕಿಂತ ಆಳವಾದ ಕಾರಣವೂ ಉಂಟು. ಗ್ವಾಯಕಾಲಿನ ಅಣುವಿಗೆ ನೀರಿಗಿಂತ ಆಲ್ಕೊಹಾಲಿನ ನೆರೆ ಹೆಚ್ಚು ಹಿತ. ಸ್ವೀಡನ್ ದೇಶದ ಲಿನ್ನೇಯಸ್ ವಿಶ್ವವಿದ್ಯಾನಿಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಈ ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಬಲ ಶೇಕಡ 59ನ್ನು ಮೀರಿದಾಗ ಆಲ್ಕೊಹಾಲಿನ ಅಣುಗಳು ಗ್ವಾಯಕಾಲನ್ನು ಸುತ್ತುವರಿದು, ದ್ರವದ ಒಡಲಿನಲ್ಲಿಯೇ ಹಿಡಿದಿಡುತ್ತವೆ. ಬಲ ಶೇಕಡ 45ಕ್ಕೆ ಇಳಿದಾಗ ಆಲ್ಕೊಹಾಲು ಹೆಚ್ಚಾಗಿ ಮೇಲ್ಮೈಗೆ ಬಂದು ಸೇರುತ್ತದೆ. ಅದರೊಡನೆ ಗ್ವಾಯಕಾಲೂ ಮೇಲಕ್ಕೆ ಬರುತ್ತದೆ. ಮೇಲ್ಮೈಗೆ ಬಂದ ಅಣುವಿಗೆ ಗಾಳಿಗೆ ಹಾರಲು, ಹಾರಿ ಮೂಗನ್ನು ಮುಟ್ಟಲು ಅವಕಾಶ ಹೆಚ್ಚು. ಈ ಲೆಕ್ಕದಲ್ಲಿ ಇದ್ದುದು ಮೂರೇ ಬಗೆಯ ಅಣುಗಳು. ನಿಜವಾದ ವಿಸ್ಕಿಯಲ್ಲಿ ನೂರಾರು ಬಗೆಯವು ಇವೆ. ಆದರೂ ರಸಿಕರ ಮಾತು ಬರಿಯ ಭ್ರಮೆಯಲ್ಲವೆಂಬುದಕ್ಕೆ ಇದೊಂದು ಆಧಾರ.

ಹಾಗಾದರೆ ಎಷ್ಟು ನೀರು? 30 ಮಿಲಿಲೀಟರು, ಶೇಕಡ 60ರ ದ್ರವವನ್ನು ಶೇಕಡ 45ಕ್ಕೆ ತರಬೇಕಾದರೆ ಒಟ್ಟು ಗಾತ್ರ 40 ಮಿಲಿಲೀಟರು ಆಗಬೇಕು. ಎಂದರೆ ಸುಮಾರು 10 ಮಿಲಿಲೀಟರು ನೀರು ಬೇಕು. ಒಂದೆರಡು ಹನಿಗಳಿಂದ ಬಲ ಅಷ್ಟೇನೂ ಕದಲುವುದಿಲ್ಲ. ‘ಹನಿ’ ಎಂಬುದನ್ನು ಚಮಚೆಯೆಂದು ತಿದ್ದಿಕೊಳ್ಳುವುದು ಮೇಲು! ಇನ್ನೊಂದು ಕಡೆ, ನೀರು ಅತಿಯಾದರೂ ಕೆಟ್ಟಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದವರು 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನೀರು ಸುಮಾರು ಐದನೆಯ ಒಂದು ಪಾಲನ್ನು ಮೀರಿದ ಮೇಲೆ ಒಂದೇ ಬಗೆಯ ವಿಸ್ಕಿಗಳನ್ನು ವಾಸನೆಯಿಂದ ಬೇರೆಬೇರೆಯಾಗಿ ಗುರುತಿಸುವುದು ಕಠಿಣವಾಯಿತು. ಸ್ವಲ್ಪ ನೀರು ಗುಣವನ್ನು ಹೊರತೆಗೆಯುತ್ತದೆ. ಬಹಳ ನೀರು ವ್ಯಕ್ತಿತ್ವವನ್ನೇ ಅಳಿಸುತ್ತದೆ.

ನೀರು ಬೆರೆತಾಗ ಕೆಲವು ವಿಸ್ಕಿಗಳು ಮಸುಕಾಗುವುದುಂಟು. ಕೆಲವು ಉದ್ದ ಸರಪಳಿಯ ಎಸ್ಟರುಗಳು ಪ್ರಬಲ ಆಲ್ಕೊಹಾಲಿನಲ್ಲಿ ಕರಗಿರುತ್ತವೆ. ಬಲ ಶೇಕಡ 46ಕ್ಕಿಂತ ಇಳಿದು, ದ್ರವ ತಂಪಾದಾಗ ಅವು ನೀರಿನಲ್ಲಿ ನಿಲ್ಲಲಾರದೆ ಸಣ್ಣ ಕಣಗಳಾಗಿ ಬೇರ್ಪಟ್ಟು ಬೆಳಕನ್ನು ಚದರಿಸುತ್ತವೆ. ಇದು ಕಲಬೆರಕೆಯ ಗುರುತಲ್ಲ. ಲೂಯಿವಿಲ್ ವಿಶ್ವವಿದ್ಯಾನಿಲಯದ ಸ್ಟೂವರ್ಟ್ ವಿಲಿಯಮ್ಸ್ ಹಾಗೂ ಸಂಗಡಿಗರು ಅಮೆರಿಕದ ವಿಸ್ಕಿಗಳನ್ನು ಶೇಕಡ 20ರಿಂದ 25ರ ಬಲಕ್ಕೆ ಇಳಿಸಿ, ಒಂದೊಂದು ಹನಿಯನ್ನು ಗಾಜಿನ ಮೇಲೆ ಒಣಗಲು ಬಿಟ್ಟರು. ಸುಟ್ಟ ಹೊಸ ಮರದಿಂದ ಬಂದ ವಸ್ತುಗಳು ಹನಿಯ ಮೇಲ್ಮೈಯಲ್ಲಿ ಪೊರೆಯಾಗಿ, ಹನಿ ಕುಗ್ಗಿದಂತೆ ಮಡಿಸಿಕೊಂಡು, ಜೇಡರ ಬಲೆಯಂತಹ ಚಿತ್ರಗಳನ್ನು ಉಳಿಸಿದವು. 2020ರಲ್ಲಿ ಪ್ರಕಟವಾದ ಆ ಚಿತ್ರಗಳು ಒಂದೊಂದು ವಿಸ್ಕಿಗೂ ಬೆರಳಚ್ಚಿನಂತೆ ಬೇರೆಬೇರೆಯಾಗಿದ್ದವು. ನೀರಿಲ್ಲದಿದ್ದರೆ ಈ ಬೆರಳಚ್ಚು ಮೂಡದು.

ಅಂಕೆಯ ಇನ್ನೊಂದು ಮುಖ

‘ಪೀಪಾಯಿಯ ಬಲ’ ಎಂಬ ಮಾತು ಮಾರುಕಟ್ಟೆಯಲ್ಲಿ ಹೆಮ್ಮೆಯ ಬಿರುದಾಗಿದೆ. ಬಲ ಹೆಚ್ಚಾದಷ್ಟೂ ರುಚಿ ಹೆಚ್ಚೆಂದೂ, ಅದನ್ನು ಹಾಗೆಯೇ ಕುಡಿಯುವುದು ಗಟ್ಟಿತನವೆಂದೂ ಭಾವಿಸುವವರಿದ್ದಾರೆ. ಈ ಭಾವನೆ ಕಾಲೇಜಿನ ವಯಸ್ಸಿನಲ್ಲಿ ಬೇಗ ಅಂಟಿಕೊಳ್ಳುತ್ತದೆ. ಮೇಲಿನ ವಿಚಾರವೆಲ್ಲ ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ವಿಸ್ಕಿಗಳನ್ನು ಹದವರಿತು ಬೆರೆಸುವ ಪರಿಣತರು ಅವುಗಳನ್ನು ಸುಮಾರು ಶೇಕಡ 20ಕ್ಕೆ ಇಳಿಸಿ, ಮೂಗಿನಿಂದಲೇ ಪರೀಕ್ಷಿಸುತ್ತಾರೆ, ಕುಡಿಯುವುದಿಲ್ಲ. ಬಲವನ್ನು ಮೆಚ್ಚುವುದು ಜಾಹೀರಾತು. ಗುಣವನ್ನು ಹುಡುಕುವವರು ಬಲವನ್ನು ಇಳಿಸುತ್ತಾರೆ.

ದೇಹದ ಲೆಕ್ಕವಂತೂ ಇನ್ನೂ ನಿಷ್ಠುರವಾದುದು. ಶೇಕಡ 40ರ 30 ಮಿಲಿಲೀಟರಿನಲ್ಲಿ 12 ಮಿಲಿಲೀಟರು ಆಲ್ಕೊಹಾಲಿದೆ; 0.789ರಿಂದ ಗುಣಿಸಿದರೆ 9.5 ಗ್ರಾಂ. ಅಷ್ಟೇ ಗಾತ್ರದ, ಶೇಕಡ 60ರ ದ್ರವದಲ್ಲಿ 14.2 ಗ್ರಾಂ. ಕಣ್ಣಿಗೆ ಎರಡು ಲೋಟಗಳೂ ಒಂದೇ. ಪಿತ್ತಜನಕಾಂಗಕ್ಕೆ ಎರಡನೆಯದು ಒಂದೂವರೆ ಪಟ್ಟು. ನೀರು ಬೆರೆಸಿದರೆ ಉರಿ ಶಮನವಾಗುತ್ತದೆ, ಆದರೆ ಗ್ರಾಂ ಒಂದೂ ಕಡಮೆಯಾಗುವುದಿಲ್ಲ. ಮದ್ಯಪಾನ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿತು. ಮದ್ಯಕ್ಕೆ ನಿರಪಾಯವಾದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಸಾರಿತು. ಬೆಂಕಿಯ ಅಪಾಯವೂ ಇದೆ: ಶೇಕಡ 60ರ ದ್ರವದ ಮೇಲಿನ ಆವಿ ನಮ್ಮ ಕೋಣೆಗಳ ಸಾಧಾರಣ ಉಷ್ಣತೆಯಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು.

ನೀರಿನ ಪಾತ್ರವನ್ನು ಮನೆಯಲ್ಲಿಯೇ ಬೇರೆ ವಿಧದಲ್ಲಿ ಮನಗಾಣಬಹುದು. ಒಂದು ತಟ್ಟೆಯಲ್ಲಿ ತೆಳುವಾಗಿ ನೀರು ಹರಡಿ, ಅದರ ಮೇಲೆ ಕಾಳುಮೆಣಸಿನ ಪುಡಿಯನ್ನು ಉದುರಿಸಿ, ನಡುವೆ ಸಾಬೂನು ತಾಗಿದ ಬೆರಳನ್ನು ಇಟ್ಟು ನೋಡಿ. ಪುಡಿ ಒಮ್ಮೆಲೇ ಅಂಚಿಗೆ ಓಡುತ್ತದೆ. ಲೋಟದ ಗೋಡೆಯ ಮೇಲೆ ಕಣ್ಣೀರನ್ನು ಏರಿಸಿದುದೂ ಮೇಲ್ಮೈ ಎಳೆತದ ಇದೇ ವ್ಯತ್ಯಾಸ. ಮಳೆ ಬಿದ್ದ ಮಣ್ಣು ಕಂಪು ಬೀರುವುದನ್ನೂ ನೆನೆಯಿರಿ: ನೀರು ತನಗೆ ಗಂಧವಿಲ್ಲದಿದ್ದರೂ ಬೇರೆಡೆ ಸೆರೆಯಾಗಿದ್ದ ಗಂಧವನ್ನು ಬಿಡಿಸಿ ಗಾಳಿಗೆ ಒಪ್ಪಿಸುತ್ತದೆ. ಪೀಪಾಯಿಯ ಬಲಕ್ಕಿಂತ ಸಾದಾ ನೀರಿನ ಈ ಗುಣವೇ ಹೆಚ್ಚಿನ ಬೆರಗಿಗೆ ಯೋಗ್ಯವಾದುದು.